ಕೀಟದ ನಡತೆ, ರೈತನ ಉಪಾಯ

ಬೆಳೆಗೆ ಒದಗುವ ಕೇಡುಗಳನ್ನು ನಮ್ಮ ಪ್ರಾಚೀನರು 'ಈತಿ' ಎಂಬ ಹೆಸರಿನಿಂದ ಕರೆದು, ಅವು ಆರು ಬಗೆ ಎಂದು ಎಣಿಸಿದರು. ಅತಿವೃಷ್ಟಿ, ಅನಾವೃಷ್ಟಿ, ಇಲಿ, ಶಲಭ, ಗಿಳಿ, ನೆರೆಯಲ್ಲಿ ದಂಡು ಕಟ್ಟಿಕೊಂಡು ಬಂದು ನಿಂತ ಅರಸು; ಇವೇ ಆ ಆರು. ನಾಡಿನ ಸುಭಿಕ್ಷವನ್ನು ವರ್ಣಿಸುವ ಕವಿಗಳು ಅಲ್ಲಿ ಈತಿಬಾಧೆಯಿರಲಿಲ್ಲ ಎನ್ನುವುದು ಒಂದು ಸಂಪ್ರದಾಯವೇ ಆಗಿತ್ತು. ಈ ಎಣಿಕೆಯಲ್ಲಿ ಒಂದು ಸ್ವಾರಸ್ಯವುಂಟು. ಬೆರಳಿನ ಗಾತ್ರಕ್ಕೂ ಬಾರದ ಹುಳುವನ್ನು ಆನೆ ಕುದುರೆಗಳ ಸೈನ್ಯವುಳ್ಳ ಅರಸನ ಸಾಲಿನಲ್ಲಿಯೇ ಕೂರಿಸಿದ್ದಾರೆ. ಅರಸರ ಕಾಲ ಮುಗಿಯಿತು. ಹುಳುವಿನ ಕಾಲ ಮುಗಿಯಲಿಲ್ಲ.

ಕೋಲಾರ, ಮಾಲೂರು, ಚಿಕ್ಕಬಳ್ಳಾಪುರ, ಹೊಸಕೋಟೆಯ ಕಡೆ ತರಕಾರಿ ಬೆಳೆಯುವ ಯಾರನ್ನಾದರೂ ಮಾತನಾಡಿಸಿ ನೋಡಿ. ಮೊದಲು ಕೊಳವೆಬಾವಿಯ ಮಾತು ಬರುತ್ತದೆ, ಆಮೇಲೆ ಪೇಟೆಯ ದರದ ಮಾತು, ಮೂರನೆಯದಾಗಿ 'ಔಷಧಿ'ಯ ಮಾತು. ಔಷಧಿ ಎಂದರೆ ರೋಗಿ ಕುಡಿಯುವ ಮದ್ದಲ್ಲ. ಗಿಡಕ್ಕೆ ಹೊಡೆಯುವ ಕೀಟನಾಶಕ. ವಿಷಕ್ಕೆ ಔಷಧಿಯೆಂದು ಹೆಸರಿಟ್ಟದ್ದರಿಂದಲೇ ಅರ್ಧ ಅನರ್ಥವಾಗಿದೆಯೇನೋ ಎಂದು ಭಾಷೆ ಕಲಿಸುವ ನನಗೆ ಅನೇಕ ವೇಳೆ ತೋರಿದೆ. ಮದ್ದು ಎಂದಾಗ ಹೆದರಿಕೆ ಹೋಗುತ್ತದೆ. ಶಾಲೆಗೆ ಬರುವ ಹುಡುಗ ರಜೆಯ ದಿನ ಅಪ್ಪನಿಗೆ ನೆರವಾಗಲೆಂದು ಬರಿಮೈಯಲ್ಲಿ ಪಂಪನ್ನು ಬೆನ್ನಿಗೆ ಏರಿಸುತ್ತಾನೆ, ಬರಿಗೈಯಲ್ಲಿ ಕಲಸುತ್ತಾನೆ, ಗಾಳಿಗೆ ಎದುರಾಗಿ ನಿಂತು ಹೊಡೆಯುತ್ತಾನೆ. ಡಬ್ಬಿಯ ಮೇಲೆ ವಜ್ರಾಕೃತಿಯ ಒಂದು ಗುರುತು ಇರುತ್ತದೆ. ಅದರ ಕೆಳಗಿನ ಅರ್ಧ ಕೆಂಪಾಗಿದ್ದರೆ ಅತಿ ಘೋರವಾದ ವಿಷ. ಹಳದಿಯಾಗಿದ್ದರೆ ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ. ಅನಂತರ ನೀಲಿ, ಕೊನೆಗೆ ಹಸಿರು. ಈ ನಾಲ್ಕು ಬಣ್ಣಗಳ ಅರ್ಥವನ್ನು ಪ್ರತಿಯೊಬ್ಬ ರೈತನ ಮಗನೂ ಮಗಳೂ ಬಲ್ಲವರಾಗಿರಬೇಕು.

ವಿಷವನ್ನು ಯಾರೂ ಹವ್ಯಾಸಕ್ಕಾಗಿ ಹೊಡೆಯುವುದಿಲ್ಲವೆಂಬುದೇನೋ ನಿಜ. ಸಾಲ ಮಾಡಿ ಸಸಿ ನೆಟ್ಟವನು, ಕಣ್ಣೆದುರಿಗೆ ಎಲೆಗಳು ಜಾಲರಿಯಾಗುವುದನ್ನು ನೋಡುತ್ತ ಕೈಕಟ್ಟಿ ಕೂರಲಾರನು. ಆದುದರಿಂದ ವಿಷ ಕೆಟ್ಟದ್ದು, ಅದನ್ನು ಬಿಡಿ ಎಂದು ಉಪದೇಶ ಮಾಡಿ ಎದ್ದು ಹೋದರೆ ಪ್ರಯೋಜನವಿಲ್ಲ. ಅದರ ಬದಲು ಏನು ಮಾಡಬಹುದೆಂಬುದನ್ನು ಹೇಳಬೇಕು. ಈ ಲೇಖನದ ಉದ್ದೇಶ ಅದೇ. ಹೇಳಬೇಕಾದ ಮಾತು ಒಂದೇ: ಹುಳುವನ್ನು ಕೊಲ್ಲುವುದಕ್ಕೆ ಮೊದಲು ಅದರ ನಡತೆಯನ್ನು ಅರಿಯಬೇಕು. ಅದು ಎಲ್ಲಿ ಮೊಟ್ಟೆಯಿಡುತ್ತದೆ, ಯಾವ ಹೊತ್ತಿನಲ್ಲಿ ತಿನ್ನುತ್ತದೆ, ಯಾವುದನ್ನು ಬಯಸುತ್ತದೆ, ಯಾರಿಗೆ ಆಹಾರವಾಗುತ್ತದೆ, ಇಷ್ಟನ್ನು ತಿಳಿದರೆ ಅದನ್ನು ಹಿಡಿಯುವ ಹಿಡಿ ತಾನಾಗಿ ಕೈಗೆ ಸಿಕ್ಕುತ್ತದೆ.

ಸಸ್ಯಕ್ಕೂ ವೈದ್ಯವುಂಟೆಂಬ ಭಾವನೆ ನಮಗೆ ಹೊಸದಲ್ಲ. ಚಾಳುಕ್ಯ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಸುಮಾರು 1025ರಲ್ಲಿ ರಚಿಸಿದ 'ಲೋಕೋಪಕಾರ'ವೆಂಬ ಕನ್ನಡ ಗ್ರಂಥದಲ್ಲಿ ವೃಕ್ಷಾಯುರ್ವೇದದ ವಿಷಯವೂ ಸೇರಿದೆ. ಗಿಡವನ್ನು ರೋಗಿಯಂತೆ ಕಂಡು, ಸುತ್ತಮುತ್ತ ದೊರೆಯುವ ವಸ್ತುಗಳಿಂದಲೇ ಉಪಚರಿಸುವುದು ಆ ಕಾಲದ ಕ್ರಮ. ಆ ಕ್ರಮಗಳೆಲ್ಲ ಇಂದಿಗೂ ಹಾಗೆಯೇ ಸಲ್ಲುತ್ತವೆಂದು ಹೇಳುವಂತಿಲ್ಲ. ಆದರೆ ಗಿಡವನ್ನೂ ಅದರ ಸುತ್ತಲಿನ ಜೀವರಾಶಿಯನ್ನೂ ಒಟ್ಟಿಗೆ ನೋಡುವ ಆ ದೃಷ್ಟಿ ಇಂದಿಗೂ ಬೇಕಾದದ್ದು.

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಈ ದೃಷ್ಟಿ ಮಸುಕಾಯಿತು. ಸ್ವಿಟ್ಜರ್ಲೆಂಡಿನ ಪಾಲ್ ಮ್ಯುಲರ್ ಎಂಬ ವಿಜ್ಞಾನಿ 1939ರಲ್ಲಿ ಡಿ.ಡಿ.ಟಿ.ಗೆ ಕೀಟಗಳನ್ನು ಕೊಲ್ಲುವ ಶಕ್ತಿಯಿದೆಯೆಂದು ಕಂಡುಹಿಡಿದನು. ಅದಕ್ಕಾಗಿ 1948ರಲ್ಲಿ ಅವನಿಗೆ ನೊಬೆಲ್ ಬಹುಮಾನವೂ ಬಂದಿತು. ಕೀಟಬಾಧೆಯ ಕಥೆ ಇಲ್ಲಿಗೆ ಮುಗಿಯಿತೆಂದು ಲೋಕ ಭಾವಿಸಿತು. ಆದರೆ 1950ರ ದಶಕದ ಆರಂಭದಲ್ಲಿಯೇ ಜಾವಾ ದ್ವೀಪದ ಎಲೆಕೋಸಿನ ಹೊಲಗಳಲ್ಲಿ ಡಿ.ಡಿ.ಟಿ.ಗೆ ಸಾಯದ ಹುಳು ಕಾಣಿಸಿಕೊಂಡಿತು. 1962ರಲ್ಲಿ ಅಮೆರಿಕದ ರೇಚೆಲ್ ಕಾರ್ಸನ್ ಎಂಬ ವಿದುಷಿ 'ಸೈಲೆಂಟ್ ಸ್ಪ್ರಿಂಗ್' ಎಂಬ ಗ್ರಂಥವನ್ನು ಬರೆದು, ಈ ವಿಷಗಳು ಮಣ್ಣು, ನೀರು, ಹಕ್ಕಿ, ಮನುಷ್ಯರ ಮೇಲೆ ಮಾಡುವ ಹಾನಿಯನ್ನು ಲೋಕದ ಮುಂದಿಟ್ಟಳು. ನಮ್ಮ ನೆರೆಯಲ್ಲೇ ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರುತೋಟಗಳ ಪಕ್ಕದ ಹಳ್ಳಿಗಳ ಜನ ಎಂಡೋಸಲ್ಫಾನ್ ಸಿಂಪರಣೆಯಿಂದ ಪಟ್ಟ ಪಾಡನ್ನು ನಾವು ಮರೆಯುವಂತಿಲ್ಲ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನು ದೇಶದಾದ್ಯಂತ ತಡೆಯಿತು. ಮೊನೊಕ್ರೋಟೊಫಾಸ್ ಎಂಬುದನ್ನು ತರಕಾರಿಗೆ ಬಳಸಕೂಡದೆಂದು 2005ರಲ್ಲಿಯೇ ಆಜ್ಞೆಯಾಗಿದೆ. 2018ರ ಇನ್ನೊಂದು ಆಜ್ಞೆಯಂತೆ ಫೋರೇಟ್, ಡೈಕ್ಲೋರ್‌ವಾಸ್ ಮುಂತಾದವು 2020ರ ಕೊನೆಯಿಂದ ನಿಷಿದ್ಧವಾದವು.

ವಿಷಕ್ಕೆ ಹುಳು ಏಕೆ ಸಾಯುವುದಿಲ್ಲ? 'ಔಷಧಿಯಲ್ಲಿ ಸತ್ತ್ವವಿಲ್ಲ, ಕಲಬೆರಕೆ' ಎಂದು ಅನೇಕರು ಅಂಗಡಿಯವನನ್ನು ದೂರುತ್ತಾರೆ. ಕೆಲವು ಸಲ ಅದೂ ಇರಬಹುದು. ಆದರೆ ಮುಖ್ಯವಾದ ಕಾರಣ ಬೇರೆ. ಒಂದು ಹೊಲದಲ್ಲಿ ಸಾವಿರ ಹುಳುಗಳಿವೆಯೆಂದು ಇಟ್ಟುಕೊಳ್ಳೋಣ. ಅವೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥವಲ್ಲ. ಎಲ್ಲೋ ನಾಲ್ಕು ಹುಳುಗಳಿಗೆ ಆ ವಿಷವನ್ನು ಅರಗಿಸಿಕೊಳ್ಳುವ ಶಕ್ತಿ ಹುಟ್ಟಿನಿಂದಲೇ ಬಂದಿರುತ್ತದೆ. ವಿಷ ಹೊಡೆದಾಗ ಉಳಿದವು ಸತ್ತು ಆ ನಾಲ್ಕು ಬದುಕುತ್ತವೆ. ಮುಂದಿನ ಸಂತಾನ ಆ ನಾಲ್ಕರದು. ಹೀಗೆ ಏಳೆಂಟು ತಲೆಮಾರು ಕಳೆಯುವುದರೊಳಗೆ ಹೊಲದ ತುಂಬ ವಿಷಕ್ಕೆ ಜಗ್ಗದ ಹುಳುಗಳೇ ಆಗುತ್ತವೆ. ಮನುಷ್ಯನ ಏಳು ತಲೆಮಾರಿಗೆ ಇನ್ನೂರು ವರ್ಷ ಬೇಕು. ಹುಳುವಿನ ಏಳು ತಲೆಮಾರಿಗೆ ಆರು ತಿಂಗಳು ಸಾಕು. ಇತ್ತ, ಹುಳುವನ್ನು ಹಿಡಿದು ತಿನ್ನುತ್ತಿದ್ದ ಜೇಡ, ಕಣಜ, ಗುಲಗಂಜಿ ಹುಳುಗಳು ಅದೇ ವಿಷಕ್ಕೆ ಸತ್ತುಹೋಗಿರುತ್ತವೆ. ಶತ್ರು ಬಲಿತನು, ಕಾವಲುಗಾರ ಸತ್ತನು. ಆಗ ವಾರಕ್ಕೊಮ್ಮೆ ಹೊಡೆಯುತ್ತಿದ್ದವನು ಮೂರು ದಿನಕ್ಕೊಮ್ಮೆ ಹೊಡೆಯಬೇಕಾಗುತ್ತದೆ. ಇಲಿಗೆ ಹೆದರಿ ಮನೆ ಸುಟ್ಟರೆಂಬ ಗಾದೆಯಂತಾಗುತ್ತದೆ.

ಈಗ ಎಲೆಕೋಸಿನ ಹುಳುವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಜಾವಾದಲ್ಲಿ ಡಿ.ಡಿ.ಟಿ.ಯನ್ನು ಸೋಲಿಸಿದ ಹುಳು ಇದೇ. ಇದರ ಪತಂಗ ಬೂದುಬಣ್ಣದ ಸಣ್ಣ ಜೀವ. ರೆಕ್ಕೆ ಮಡಿಸಿ ಕುಳಿತಾಗ ಬೆನ್ನಿನ ಮೇಲೆ ಮೂರು ವಜ್ರದ ಹರಳು ಇಟ್ಟಂತೆ ತಿಳಿಬಣ್ಣದ ಗುರುತು ಕಾಣುತ್ತದೆ. ಆದ್ದರಿಂದಲೇ ಇದನ್ನು ವಜ್ರಬೆನ್ನಿನ ಪತಂಗವೆನ್ನುತ್ತಾರೆ. ಭಾರತದಲ್ಲಿ ಇದು ಮೊದಲು ದಾಖಲೆಯಾದದ್ದು 1914ರಲ್ಲಿ. ಹೆಣ್ಣು ಎಲೆಯ ಮೇಲೆ ಒಂದೊಂದಾಗಿ ನೂರಕ್ಕೂ ಮೇಲ್ಪಟ್ಟು ಮೊಟ್ಟೆಗಳನ್ನಿಡುತ್ತದೆ. ಹೊರಬಂದ ಹಸಿರು ಮರಿಹುಳು ಎಲೆಯ ಅಡಿಯ ಮಗ್ಗುಲನ್ನು ಕೆರೆದು ತಿನ್ನುತ್ತದೆ. ಮುಟ್ಟಿದರೆ ಮೈಯನ್ನು ಒದರಿ, ನೂಲು ಬಿಟ್ಟುಕೊಂಡು ಕೆಳಕ್ಕೆ ಜೋತುಬೀಳುತ್ತದೆ. ಬೆಚ್ಚಗಿನ ಹವೆಯಲ್ಲಿ ಎರಡು ಮೂರು ವಾರಗಳಲ್ಲಿ ಮೊಟ್ಟೆಯಿಂದ ಪತಂಗದವರೆಗಿನ ಅದರ ಜೀವನಚಕ್ರ ಮುಗಿದು, ಮತ್ತೆ ಮೊಟ್ಟೆಯಿಡಲು ಸಿದ್ಧವಾಗುತ್ತದೆ.

ಇದಕ್ಕೆ ಒಂದು ದೌರ್ಬಲ್ಯವಿದೆ. ಎಲೆಕೋಸು, ಹೂಕೋಸು, ಮೂಲಂಗಿ, ಸಾಸಿವೆ ಇವೆಲ್ಲ ಒಂದೇ ಕುಟುಂಬದ ಸಸ್ಯಗಳು. ಸಾಸಿವೆಯನ್ನು ಅರೆದಾಗ ಮೂಗಿಗೆ ಏರುವ ಘಾಟಿನ ಮೂಲದ್ರವ್ಯ ಈ ಕುಟುಂಬಕ್ಕೆಲ್ಲ ಸೇರಿದ್ದು. ಮೊಟ್ಟೆಯಿಡಲು ಗಿಡ ಹುಡುಕುವ ಪತಂಗ ಈ ವಾಸನೆಯ ಜಾಡು ಹಿಡಿದೇ ಬರುತ್ತದೆ. ಎಲೆಕೋಸು, ಸಾಸಿವೆ ಎರಡೂ ಎದುರಿಗಿದ್ದರೆ ಅದು ಆರಿಸುವುದು ಸಾಸಿವೆಯನ್ನು. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಈ ನಡತೆಯನ್ನೇ ಆಧಾರವಾಗಿಟ್ಟುಕೊಂಡು 1990ರ ದಶಕದ ಆರಂಭದ ವೇಳೆಗೆ ಒಂದು ಕ್ರಮವನ್ನು ರೂಪಿಸಿದರು.

ಕ್ರಮ ಬಹಳ ಸರಳವಾದದ್ದು. ಪ್ರತಿ 25 ಸಾಲು ಎಲೆಕೋಸಿಗೆ ಎರಡು ಸಾಲು ಸಾಸಿವೆ. ಹೊಲದ ಮೊದಲ ಸಾಲೂ ಕೊನೆಯ ಸಾಲೂ ಸಾಸಿವೆಯದಾಗಿರಬೇಕು. ಜೋಡಿ ಸಾಲುಗಳಲ್ಲಿ ಒಂದನ್ನು ಕೋಸಿನ ಸಸಿ ನೆಡುವುದಕ್ಕೆ 15 ದಿನ ಮೊದಲು ಬಿತ್ತಬೇಕು. ಇನ್ನೊಂದನ್ನು ನೆಟ್ಟ 25 ದಿನಗಳ ಮೇಲೆ ಬಿತ್ತಬೇಕು. ಏಕೆಂದರೆ ಮೊದಲಿನ ಸಾಸಿವೆ ಬಲಿತು ಒಣಗುವ ಹೊತ್ತಿಗೆ ಎರಡನೆಯದು ಎಳೆಯದಾಗಿ ಎದ್ದು ನಿಂತಿರಬೇಕು. ಪತಂಗಕ್ಕೆ ಸಾಸಿವೆ ಇಲ್ಲದ ದಿನವೇ ಇರಕೂಡದು. ವಜ್ರಬೆನ್ನಿನ ಪತಂಗ ಮಾತ್ರವಲ್ಲ, ಎಲೆ ಹೆಣೆಯುವ ಹುಳು, ಸಸ್ಯಹೇನು ಮುಂತಾದವೂ ಹೆಚ್ಚಾಗಿ ಈ ಸಾಲುಗಳಿಗೇ ಹೋಗುತ್ತವೆ. ಹುಳುವೆಲ್ಲ ಒಂದೆಡೆ ಸೇರಿದ ಮೇಲೆ ಕೆಲಸ ಸುಲಭ. ಆ ಸಾಲುಗಳಿಗೆ ಮಾತ್ರ ತಪ್ಪದೆ ಸಿಂಪರಣೆ ಮಾಡಿ ಅಲ್ಲಿಯೇ ಅವನ್ನು ಮುಗಿಸಬೇಕು. ಹಿಂದೆ ಇದಕ್ಕೆ ಡೈಕ್ಲೋರ್‌ವಾಸ್ ಬಳಸುತ್ತಿದ್ದರು. ಅದು ಈಗ ನಿಷಿದ್ಧವಾದ್ದರಿಂದ ಬದಲಿಗೆ ಏನು ಬಳಸಬೇಕೆಂಬುದನ್ನು ತೋಟಗಾರಿಕೆ ಇಲಾಖೆಯವರನ್ನು ಕೇಳಿ ತಿಳಿಯತಕ್ಕದ್ದು. ಕೋಸು ಗಡ್ಡೆ ಕಟ್ಟುವ ಕಾಲಕ್ಕೆ ಕೋಸಿನ ಮೇಲೆ ಬೇವಿನ ಬೀಜದ ಕಷಾಯವನ್ನು ಹತ್ತು ಹದಿನೈದು ದಿನಗಳ ಅಂತರದಲ್ಲಿ ಎರಡು ಮೂರು ಸಲ ಸಿಂಪಡಿಸಿದರೆ ಸಾಕು. ಒಂದು ಎಚ್ಚರಿಕೆ: ಸಾಸಿವೆ ಬಿತ್ತಿ ಅದನ್ನು ಮರೆತರೆ ಅದು ಬಲೆಯಾಗುವುದಿಲ್ಲ, ಹುಳುವಿನ ತವರುಮನೆಯಾಗುತ್ತದೆ.

ಟೊಮೇಟೊ ಬೆಳೆಯಲ್ಲಿ ಸಾಸಿವೆಯ ಸ್ಥಾನವನ್ನು ಚೆಂಡುಹೂವು ತುಂಬುತ್ತದೆ. ಟೊಮೇಟೊ ಕಾಯಿಕೊರಕದ ಪತಂಗ ರಾತ್ರಿ ಹಾರಾಡುವಂಥದು. ತೊಗರಿ, ಕಡಲೆ, ಹತ್ತಿಗಳನ್ನು ಹಾಳುಮಾಡುವುದೂ ಇದೇ. ಮರಿಹುಳು ಕಾಯಿಗೆ ತಲೆ ತೂರಿಸಿ, ಅರ್ಧ ಮೈಯನ್ನು ಹೊರಗೇ ಬಿಟ್ಟುಕೊಂಡು ತಿನ್ನುತ್ತದೆ. ಒಂದನ್ನು ತಿಂದು ಮುಗಿಸುವುದಕ್ಕೆ ಮೊದಲೇ ಇನ್ನೊಂದಕ್ಕೆ ಹೋಗುವ ಚಪಲ ಅದಕ್ಕೆ. ಆದ್ದರಿಂದ ಒಂದೇ ಹುಳು ಹಲವು ಕಾಯಿಗಳನ್ನು ಕೆಡಿಸುತ್ತದೆ. ಈ ಪತಂಗಕ್ಕೆ ಹಳದಿ, ಕಿತ್ತಳೆ ಬಣ್ಣದ ಚೆಂಡುಹೂವಿನ ಮೊಗ್ಗು ಎಂದರೆ ಪ್ರಾಣ. ಹೆಸರಘಟ್ಟದ ಸಂಸ್ಥೆಯವರೇ ಹೇಳಿಕೊಟ್ಟ ಕ್ರಮದಂತೆ, ಪ್ರತಿ 16 ಸಾಲು ಟೊಮೇಟೊಗೆ ಒಂದು ಸಾಲು ಎತ್ತರವಾಗಿ ಬೆಳೆಯುವ ಜಾತಿಯ ಚೆಂಡುಹೂವನ್ನು ನೆಡಬೇಕು. ಇಲ್ಲಿ ವಯಸ್ಸಿನ ಲೆಕ್ಕ ಮುಖ್ಯ. ಟೊಮೇಟೊ ಸಸಿ 25 ದಿನದ್ದಾಗಿದ್ದರೆ ಚೆಂಡುಹೂವಿನ ಸಸಿ 40 ದಿನದ್ದಾಗಿರಬೇಕು. ಹಾಗಿದ್ದರೆ ಮಾತ್ರ ಎರಡೂ ಒಂದೇ ಕಾಲಕ್ಕೆ ಹೂವು ಬಿಡುತ್ತವೆ. ಒಟ್ಟಿಗೆ ಬಿತ್ತಿ ಒಟ್ಟಿಗೆ ನೆಟ್ಟರೆ, ಟೊಮೇಟೊ ಹೂವಾಗುವ ಹೊತ್ತಿಗೆ ಚೆಂಡುಹೂವಿನಲ್ಲಿ ಮೊಗ್ಗೇ ಇರುವುದಿಲ್ಲ. ಪತಂಗ ಟೊಮೇಟೊವಿಗೇ ಬರುತ್ತದೆ. 'ಚೆಂಡುಹೂವು ಹಾಕಿದೆ, ಏನೂ ಆಗಲಿಲ್ಲ' ಎನ್ನುವವರು ಈ ಹದಿನೈದು ದಿನಗಳ ಲೆಕ್ಕವನ್ನು ಒಮ್ಮೆ ನೋಡಿಕೊಳ್ಳಬೇಕು. ಎಲೆಯೊಳಗೆ ಬಿಳಿಯ ಗೆರೆ ಎಳೆಯುವ ರಂಗೋಲಿ ಹುಳುವಿನ ನೊಣವೂ ಚೆಂಡುಹೂವಿನ ಎಲೆಗೆ ಒಲಿಯುತ್ತದೆ. ದಸರಾ ದೀಪಾವಳಿಗೆ ಹೂವು ಮಾರಿದರೆ ನಾಲ್ಕು ಕಾಸೂ ಆಯಿತು. ಹುಳು ಕೊರೆದ ಹೂವುಗಳನ್ನು ಮಾತ್ರ ಬೇರೆ ಮಾಡಿ ನಾಶಪಡಿಸತಕ್ಕದ್ದು.

ಚೆಂಡುಹೂವನ್ನು ತಪ್ಪಿಸಿಕೊಂಡು ಟೊಮೇಟೊವಿಗೆ ಬಂದ ಹುಳುವಿಗೆ ಅದರದೇ ಕಾಯಿಲೆಯನ್ನು ಅಂಟಿಸುವ ಉಪಾಯವೂ ಇದೆ. ಕಾಯಿಕೊರಕಕ್ಕೆ ಮಾತ್ರ ತಗಲುವ ಒಂದು ನಂಜಾಣು ಉಂಟು, ಎನ್.ಪಿ.ವಿ. ಎಂಬ ಹೆಸರಿನಲ್ಲಿ ದೊರೆಯುತ್ತದೆ. ಇದು ಬಿದ್ದ ಎಲೆಯನ್ನು ತಿಂದ ಹುಳು ಕೆಲವು ದಿನಗಳಲ್ಲಿ ಗಿಡದ ತುದಿಗೆ ಏರಿ, ತಲೆಕೆಳಗಾಗಿ ನೇತುಬಿದ್ದು, ಮೈ ಕೊಳೆತು ಸಾಯುತ್ತದೆ. ಅದರ ಮೈಯಿಂದ ಸೋರಿದ ರಸದಿಂದ ಇತರ ಹುಳುಗಳಿಗೂ ರೋಗ ಹರಡುತ್ತದೆ. ಮನುಷ್ಯನಿಗಾಗಲಿ, ದನಕರುಗಳಿಗಾಗಲಿ, ಜೇನಿಗಾಗಲಿ ಇದರಿಂದ ಬಾಧೆಯಿಲ್ಲ. ಬಿಸಿಲಿಗೆ ಇದರ ಶಕ್ತಿ ಕುಂದುವುದರಿಂದ ಸಂಜೆಯ ಹೊತ್ತು ಸ್ವಲ್ಪ ಬೆಲ್ಲ ಬೆರೆಸಿ ಸಿಂಪಡಿಸಬೇಕು. ಮರಿಹುಳು ಎಳೆಯದಾಗಿದ್ದಾಗ ಮಾತ್ರ ಇದರ ಆಟ ಚೆನ್ನಾಗಿ ನಡೆಯುತ್ತದೆ. ಬಲಿತ ಹುಳುವಿನ ಮೇಲೆ ಅಷ್ಟಿಲ್ಲ.

ಇದೇ ಜಾತಿಯ ಇನ್ನೊಂದು ಜೈವಿಕ ವಸ್ತು ಬಿ.ಟಿ. ಎಂಬ ಸೂಕ್ಷ್ಮಾಣು. ಇದರ ಇತಿಹಾಸ ನಮ್ಮ ನಾಡಿನವರು ತಿಳಿದಿರಬೇಕಾದದ್ದು. 1901ರಲ್ಲಿ ಜಪಾನಿನಲ್ಲಿ ರೇಷ್ಮೆಹುಳುಗಳು ಸಾಯುವ ರೋಗವೊಂದನ್ನು ಪರೀಕ್ಷಿಸುವಾಗ ಇದು ಮೊದಲು ಕಂಡಿತು. 1911ರಲ್ಲಿ ಜರ್ಮನಿಯ ತುರಿಂಜಿಯಾ ಪ್ರಾಂತದಲ್ಲಿ ಹಿಟ್ಟಿನ ಪತಂಗದಲ್ಲಿ ಮತ್ತೆ ಕಂಡು, ಆ ಊರಿನ ಹೆಸರನ್ನೇ ಪಡೆಯಿತು. ಎಲೆಕೋಸಿನ ಹುಳುವಿಗೆ ಇದು ಒಳ್ಳೆಯ ಮದ್ದೆಂಬುದು ನಿಜ. ಆದರೆ ರೇಷ್ಮೆಹುಳುವಿಗೆ ಇದು ಮೃತ್ಯು. ಶಿಡ್ಲಘಟ್ಟ, ಚಿಂತಾಮಣಿ, ರಾಮನಗರದ ಕಡೆ ಕೋಸಿನ ಮಡಿಯ ಪಕ್ಕದಲ್ಲೇ ಹಿಪ್ಪುನೇರಳೆ ತೋಟವಿರುವುದು ಸಾಮಾನ್ಯ. ಅಂಥ ಕಡೆ ಬಿ.ಟಿ.ಯನ್ನಾಗಲಿ ಬೇವಿನ ಕಷಾಯವನ್ನಾಗಲಿ ಸೊಪ್ಪಿನ ಮೇಲೆ ಬೀಳುವಂತೆ ಸಿಂಪಡಿಸಿದರೆ ನೆರೆಯವನ ಮನೆಯ ಹುಳು ಮನೆಯೇ ಬರಿದಾದೀತು. 'ಜೈವಿಕ' ಎಂದ ಮಾತ್ರಕ್ಕೆ ಎಲ್ಲರಿಗೂ ನಿರಪಾಯವೆಂದು ತಿಳಿಯಬಾರದು. ಅಷ್ಟೇ ಅಲ್ಲ, ಬಿ.ಟಿ.ಯನ್ನೇ ಪದೇ ಪದೇ ಹೊಡೆದ ಹವಾಯಿ ದ್ವೀಪದಲ್ಲಿ ವಜ್ರಬೆನ್ನಿನ ಪತಂಗ ಅದಕ್ಕೂ ಜಗ್ಗದಂತಾಯಿತೆಂದು 1990ರಲ್ಲಿ ವರದಿಯಾಯಿತು. ಯಾವ ಉಪಾಯವನ್ನೂ ಒಂದನ್ನೇ ನೆಚ್ಚಿ ಕೂರಬಾರದೆಂಬುದಕ್ಕೆ ಇದು ಸಾಕ್ಷಿ.

ಇನ್ನು ಬೇವಿನ ವಿಷಯ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಬೇವಿನಷ್ಟು ಒಪ್ಪುವ ಉದಾಹರಣೆ ಬೇರೆ ಇರಲಾರದು. ಮೊದಲು ಹೇಳಿದ ಈತಿಗಳಲ್ಲಿ ಶಲಭವನ್ನು ಎಣಿಸಿದೆವಷ್ಟೆ. ಅದೇ ಶಲಭವೇ, ಅಂದರೆ ಮಿಡತೆಯ ದಂಡೇ, ಬೇವಿನ ಗುಣಕ್ಕೆ ಸಾಕ್ಷಿ ಹೇಳಿತು. 1959ರಲ್ಲಿ ಸೂಡಾನ್ ದೇಶದಲ್ಲಿ ಮಿಡತೆಗಳು ಹಸಿರೆಂಬುದನ್ನೆಲ್ಲ ತಿಂದು ಬೇವಿನ ಮರವನ್ನು ಮಾತ್ರ ಬಿಟ್ಟುಹೋದುದನ್ನು ಷ್ಮುಟ್ಟರರ್ ಎಂಬ ಜರ್ಮನ್ ವಿಜ್ಞಾನಿ ಗಮನಿಸಿದನು. 1962ರಲ್ಲಿ ದೆಹಲಿಯ ಮೇಲೆ ಮಿಡತೆ ಬಂದಾಗ ಅಲ್ಲಿನ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಪ್ರಧಾನ್ ಮತ್ತು ಅವರ ಸಂಗಡಿಗರು ಬೇವಿನ ಬೀಜದ ತಿರುಳನ್ನು ನೀರಿನಲ್ಲಿ ಕಲಸಿ ಬೆಳೆಗೆ ಸಿಂಪಡಿಸಿ, ಮಿಡತೆಗಳು ಅದನ್ನು ಮುಟ್ಟದಿರುವುದನ್ನು ತೋರಿಸಿದರು. ಬೇವಿನ ಸಾರ ಹುಳುವನ್ನು ಕೂಡಲೇ ಕೆಡಹುವ ವಿಷವಲ್ಲ. ಅದು ತಿನ್ನುವ ಆಸೆಯನ್ನು ಕೆಡಿಸುತ್ತದೆ, ಪೊರೆ ಕಳಚಿ ಬೆಳೆಯುವ ಕ್ರಮವನ್ನು ತಪ್ಪಿಸುತ್ತದೆ, ಮೊಟ್ಟೆಯಿಡುವುದನ್ನು ಕುಗ್ಗಿಸುತ್ತದೆ. ಆದುದರಿಂದ ಸಂಜೆ ಹೊಡೆದು ಬೆಳಗ್ಗೆ ಸತ್ತ ಹುಳುವನ್ನು ಎಣಿಸಲು ಹೋಗುವವನಿಗೆ ನಿರಾಶೆಯಾಗುತ್ತದೆ. ನಾಲ್ಕು ದಿನ ತಾಳಿ ಹೊಸ ಎಲೆಯನ್ನು ನೋಡುವವನಿಗೆ ಫಲ ಕಾಣುತ್ತದೆ.

ಕಷಾಯ ಮಾಡುವ ಬಗೆ ಹೀಗೆ. ಮುಂಗಾರಿನ ಆರಂಭದಲ್ಲಿ ಮರದಡಿ ಉದುರುವ ಮಾಗಿದ ಬೇವಿನ ಹಣ್ಣನ್ನು ಆರಿಸಿ, ಸಿಪ್ಪೆ ತಿರುಳನ್ನು ತೊಳೆದು, ಬೀಜವನ್ನು ನೆರಳಿನಲ್ಲಿ ಒಣಗಿಸಿ, ಗಾಳಿಯಾಡುವ ಚೀಲದಲ್ಲಿ ಇಡಬೇಕು. ಬೂಷ್ಟು ಹಿಡಿದ ಬೀಜ, ವರ್ಷ ಮೀರಿದ ಹಳೆಯ ಬೀಜ ಕೆಲಸಕ್ಕೆ ಬಾರವು. ಬೇಕಾದಾಗ ಬೀಜವನ್ನು ಒಡೆದು ತೆಗೆದ ಒಳತಿರುಳು 4 ಕಿಲೋಗ್ರಾಂ ಅಳೆದುಕೊಂಡು ಪುಡಿಮಾಡಿ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಒಂದು ರಾತ್ರಿ ನೀರಿನಲ್ಲಿ ನೆನೆಹಾಕಬೇಕು. ಮರುದಿನ ಗಂಟನ್ನು ಹಿಂಡಿ ಹಿಂಡಿ ಹಾಲಿನಂಥ ರಸವನ್ನೆಲ್ಲ ತೆಗೆದು, ಶೋಧಿಸಿ, ಒಟ್ಟು 100 ಲೀಟರ್ ಆಗುವಂತೆ ನೀರು ಸೇರಿಸಿ, ಎಲೆಗೆ ಅಂಟಲೆಂದು ಸ್ವಲ್ಪ ಸಾಬೂನು ಕರಗಿಸಬೇಕು. ಅದೇ ದಿನ ಸಂಜೆ ಎಲೆಯ ಅಡಿಭಾಗವೂ ನೆನೆಯುವಂತೆ ಸಿಂಪಡಿಸಬೇಕು. ಬಿಸಿಲು ಇದರ ಗುಣವನ್ನು ಕೊಲ್ಲುತ್ತದೆ, ಮಾಡಿಟ್ಟರೆ ಕೆಡುತ್ತದೆ. ಇಷ್ಟು ಶ್ರಮವಾಗದವರಿಗೆ ಬೇವಿನ ಎಣ್ಣೆಯಿಂದಲೂ ಹೊಂಗೆಯ ಎಣ್ಣೆಯಿಂದಲೂ ಹೆಸರಘಟ್ಟದ ಸಂಸ್ಥೆ ರೂಪಿಸಿದ ಸಾಬೂನುಗಳಿವೆ. ನೀರಿನಲ್ಲಿ ಕರಗಿಸಿ ಹೊಡೆಯಬಹುದು.

ಬದನೆಯ ಹುಳುವಿನ ರೀತಿ ಬೇರೆ. ಕುಡಿ ಮತ್ತು ಕಾಯಿ ಕೊರೆಯುವ ಈ ಹುಳು ಮೊಟ್ಟೆಯೊಡೆದ ಕೆಲವೇ ಗಂಟೆಗಳಲ್ಲಿ ಎಳೆಯ ಕುಡಿಯೊಳಗೆ ಹೊಕ್ಕು, ಬಾಗಿಲನ್ನು ಹಿಕ್ಕೆಯಿಂದ ಮುಚ್ಚಿಕೊಳ್ಳುತ್ತದೆ. ಆಮೇಲೆ ಹೊರಗೆ ಎಷ್ಟು ವಿಷ ಸುರಿದರೂ ಅದಕ್ಕೆ ತಾಕುವುದಿಲ್ಲ. ತಾಕುವುದು ತಿನ್ನುವ ನಮಗೆ. ಬದನೆಗೆ ಲೆಕ್ಕವಿಲ್ಲದಷ್ಟು ಸಲ ಔಷಧಿ ಹೊಡೆದೂ ಸೋಲುವುದಕ್ಕೆ ಇದೇ ಕಾರಣ. ಆದರೆ ಈ ಹುಳು ತಾನಿರುವ ಜಾಗವನ್ನು ತಾನೇ ಹೇಳುತ್ತದೆ. ಅದು ಹೊಕ್ಕ ಕುಡಿ ಬಾಡಿ ಜೋಲುತ್ತದೆ. ವಾರಕ್ಕೊಮ್ಮೆ ತೋಟದಲ್ಲಿ ಅಡ್ಡಾಡಿ, ಬಾಡಿದ ಕುಡಿಗಳನ್ನು ಒಂದು ಗೇಣು ಕೆಳಗಿನಿಂದ ಚಿವುಟಿ, ತೂತು ಬಿದ್ದ ಕಾಯಿಗಳನ್ನು ಕಿತ್ತು, ಸುಟ್ಟು ಅಥವಾ ಆಳವಾಗಿ ಹೂಳಿಬಿಟ್ಟರೆ ಅರ್ಧ ಯುದ್ಧ ಗೆದ್ದಂತೆ. ಕಿತ್ತ ಕುಡಿಯನ್ನು ಬದುವಿನ ಮೇಲೆ ಎಸೆದರೆ ಹುಳು ಅಲ್ಲಿಯೇ ಕೋಶ ಕಟ್ಟಿ ಪತಂಗವಾಗಿ ಮರಳುತ್ತದೆ. ಹೆಣ್ಣು ಪತಂಗದ ವಾಸನೆಯನ್ನು ಅನುಕರಿಸಿ ಗಂಡನ್ನು ಸೆಳೆಯುವ ಮೋಹಕ ಬಲೆಗಳೂ ಇದಕ್ಕೆ ಉಂಟು. ಈ ಕೆಲಸವನ್ನು ಒಬ್ಬನೇ ಮಾಡಿದರೆ ಸಾಲದು. ಪಕ್ಕದ ತೋಟದವನೂ ಮಾಡಬೇಕು. ಪತಂಗಕ್ಕೆ ಬದುವಿನ ಲೆಕ್ಕವಿಲ್ಲ.

ಹಾಗಲ, ಹೀರೆ, ಸೌತೆಗಳ ಕಾಯಿಯೊಳಗೆ ಮೊಟ್ಟೆ ಚುಚ್ಚುವ ನೊಣದ ಗಂಡುಗಳನ್ನು ಹಿಡಿಯಲೂ ಇಂಥ ಬಲೆಗಳಿವೆ. ಕೊಳೆತು ಬಿದ್ದ ಕಾಯಿಗಳನ್ನು ದಿನದಿನವೂ ಆಯ್ದು ಹೂಳುವುದು ಅದಕ್ಕೆ ಜೊತೆಯ ಉಪಾಯ. ಟೊಮೇಟೊ ಎಲೆ ಮುದುರುವ ರೋಗವನ್ನು ಹರಡುವ ಬಿಳಿನೊಣಕ್ಕೆ ಹಳದಿಯ ಬಣ್ಣವೆಂದರೆ ಮೋಹ. ಅಂಟು ಬಳಿದ ಹಳದಿ ಹಲಗೆ ಅದನ್ನು ಹಿಡಿಯುತ್ತದೆ. ಸಸಿಮಡಿಗೆ ಒತ್ತಾದ ನೈಲಾನ್ ಪರದೆ ಮುಚ್ಚಿ ಬೆಳೆಸಿದರೆ ಎಳೆಯದರಲ್ಲಿ ಸೋಂಕು ತಪ್ಪುತ್ತದೆ.

ಇಷ್ಟೆಲ್ಲ ನಾವು ಮಾಡುವ ಉಪಾಯ. ನಾವು ಕೇಳದೆಯೇ ಕೆಲಸ ಮಾಡುವ ಬಂಟರೂ ತೋಟದಲ್ಲಿದ್ದಾರೆ. ಕೆಂಪು ಬೆನ್ನಿನ ಮೇಲೆ ಕರಿಯ ಚುಕ್ಕೆಯ ಗುಲಗಂಜಿ ಹುಳುವೂ ಅದರ ಮರಿಯೂ ಸಸ್ಯಹೇನುಗಳನ್ನು ಮುಕ್ಕುತ್ತವೆ. ಇದರ ಮರಿ ನೋಡಲು ಸಣ್ಣ ಮೊಸಳೆಯಂತೆ ವಿಕಾರವಾಗಿರುವುದರಿಂದ ಹಲವರು ಅದನ್ನೇ ಪೀಡೆಯೆಂದು ತಿಳಿದು ಹೊಸಕಿಹಾಕುತ್ತಾರೆ. ಟ್ರೈಕೋಗ್ರಾಮ ಎಂಬ, ಕಣ್ಣಿಗೆ ಕಾಣಿಸಿಯೂ ಕಾಣಿಸದ ಕಣಜ, ಪತಂಗಗಳ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಟ್ಟು ಹುಳು ಹುಟ್ಟುವ ಮೊದಲೇ ಅದನ್ನು ಮುಗಿಸುತ್ತದೆ. ಇಂಥ ಬಂಟರ ಬಲವೆಷ್ಟೆಂಬುದು ಹಿಂದೆ ಒಮ್ಮೆ ಚೆನ್ನಾಗಿ ಕಂಡಿತು. 2008ರಲ್ಲಿ ಕೊಯಮತ್ತೂರಿನ ಬಳಿ ಪರಂಗಿಯ ಬಿಳಿಹಿಟ್ಟು ತಿಗಣೆ ಕಾಣಿಸಿಕೊಂಡು, ದಕ್ಷಿಣದ ತೋಟಗಳಲ್ಲಿ ಹಬ್ಬಿ, ಹಿಪ್ಪುನೇರಳೆ, ಬದನೆಗಳಿಗೂ ಹತ್ತಿತು. ಯಾವ ವಿಷಕ್ಕೂ ಅದು ಬಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿರುವ ಕೇಂದ್ರ ಕೀಟ ಸಂಸ್ಥೆಯವರು ಪೋರ್ಟೊರಿಕೋ ದ್ವೀಪದಿಂದ ಅದರ ಸಹಜ ಶತ್ರುವಾದ ಚಿಕ್ಕ ಕಣಜವನ್ನು ತರಿಸಿ, ಪರೀಕ್ಷಿಸಿ, ಸಾಕಿ, ರೈತರಿಗೆ ಹಂಚಿದರು. ಆ ಕಣಜ ತಿಗಣೆಯನ್ನು ಹತೋಟಿಗೆ ತಂದಿತು. ಆ ಕಾಲದಲ್ಲಿ ತೋಟಗಳಿಗೆ ವಿಷ ಸುರಿಯುತ್ತಲೇ ಇದ್ದಿದ್ದರೆ ಮೊದಲು ಸಾಯುತ್ತಿದ್ದುದು ಆ ಕಣಜವೇ.

ಈ ಉಪಾಯಗಳು ಸರ್ವರೋಗಕ್ಕೂ ಸಂಜೀವಿನಿಯಲ್ಲ ಎಂಬುದನ್ನೂ ಹೇಳಬೇಕು. 2014ರಲ್ಲಿ ಮಹಾರಾಷ್ಟ್ರದಲ್ಲಿ ಕಾಣಿಸಿಕೊಂಡು ನಮ್ಮ ನಾಡಿಗೂ ಬಂದ, ದಕ್ಷಿಣ ಅಮೆರಿಕ ಮೂಲದ ಟೊಮೇಟೊ ಹುಳುವಿಗೆ ಚೆಂಡುಹೂವಿನ ಬಲೆ ಸಾಲದು. ಅದಕ್ಕೆ ಬೇರೆಯೇ ಮೋಹಕ ಬಲೆ ಬೇಕು. ಪೀಡೆ ಕೈಮೀರಿದಾಗ ರಾಸಾಯನಿಕವನ್ನು ಬಳಸಲೇಬೇಕಾದ ಸಂದರ್ಭವೂ ಬರಬಹುದು. ಆಗ ಆ ಬೆಳೆಗೆ ಒಪ್ಪಿಗೆಯಾದದ್ದನ್ನೇ, ಹೇಳಿದ ಅಳತೆಯಲ್ಲೇ ಬಳಸಿ, ಸಿಂಪರಣೆಗೂ ಕೊಯ್ಲಿಗೂ ನಡುವೆ ಬಿಡಬೇಕಾದ ದಿನಗಳನ್ನು ತಪ್ಪದೆ ಬಿಡಬೇಕು. ನಾಳೆ ಬೆಳಗ್ಗೆ ಪೇಟೆಗೆ ಹೋಗುವ ಕಾಯಿಗೆ ಇಂದು ಸಂಜೆ ಔಷಧಿ ಹೊಡೆಯುವುದು ಉಣ್ಣುವವನ ತಟ್ಟೆಗೆ ವಿಷ ಬಡಿಸಿದಂತೆ.

ಇದರಲ್ಲಿ ಕೊಳ್ಳುವ ನಮ್ಮ ಪಾಲೂ ಇಲ್ಲದಿಲ್ಲ. ಒಂದು ತೂತಿಲ್ಲದ ಎಲೆಕೋಸು, ಒಂದು ಕಲೆಯಿಲ್ಲದ ಬದನೆಕಾಯಿ ಬೇಕೆಂದು ಗಾಡಿಯ ಮುಂದೆ ನಿಂತು ಹಟ ಹಿಡಿಯುವವರು ನಾವೇ. ಆ ಹೊಳಪಿಗಾಗಿ ರೈತ ಇನ್ನೊಂದು ಸಲ ಪಂಪು ಹೊರುತ್ತಾನೆ. ಹೊರ ಎಲೆಯಲ್ಲಿ ನಾಲ್ಕು ತೂತಿರುವ ಕೋಸನ್ನು ಕಂಡಾಗ, ಹುಳು ತಿಂದು ಬದುಕಿದ್ದನ್ನು ನಾವೂ ತಿಂದು ಬದುಕಬಹುದು ಎಂದು ಸಮಾಧಾನ ಮಾಡಿಕೊಂಡು, ಆ ಎಲೆಯನ್ನು ತೆಗೆದು ಉಳಿದುದನ್ನು ಬೇಯಿಸಿದರೆ ನಷ್ಟವೇನಿಲ್ಲ.

ತರಕಾರಿ ಬೆಳೆಯುವ ಬಂಧುಗಳಲ್ಲಿ ಒಂದು ವಿನಂತಿ. ಇಡೀ ಹೊಲವನ್ನು ಒಮ್ಮೆಗೇ ಬದಲಾಯಿಸಬೇಕಾಗಿಲ್ಲ. ಮುಂದಿನ ಸಲ ಕೋಸು ನೆಡುವುದಕ್ಕೆ 15 ದಿನ ಮೊದಲು ಒಂದು ಮಡಿಯ ಅಂಚಿಗೆ ಒಂದು ಹಿಡಿ ಸಾಸಿವೆ ಬಿತ್ತಿ. ಟೊಮೇಟೊ ಬೀಜ ಚೆಲ್ಲುವುದಕ್ಕೆ 15 ದಿನ ಮೊದಲು ಚೆಂಡುಹೂವಿನ ಬೀಜ ಚೆಲ್ಲಿ. ವಾರಕ್ಕೆರಡು ಬಾರಿ ಎಲೆಯ ಅಡಿಭಾಗವನ್ನು ತಿರುಗಿಸಿ ನೋಡುವ ಕೆಲಸವನ್ನು ಶಾಲೆಗೆ ಹೋಗುವ ಮಕ್ಕಳಿಗೆ ವಹಿಸಿ. ಪಂಪನ್ನು ಅವರ ಬೆನ್ನಿಗೆ ಏರಿಸಬೇಡಿ. ಕಣ್ಣಿಗೆ ಕೆಲಸ ಕೊಡಿ. ಯಾವುದು ಹುಳು, ಯಾವುದು ಬಂಟ ಎಂದು ಗುರುತಿಸಲು ಅವರು ನಮಗಿಂತ ಬೇಗ ಕಲಿಯುತ್ತಾರೆ.